‘ಬನ್ನಿ ಸಾರ್, ನೋಡೋಣ’: ಮಡಿಕೇರಿಯ ಒಬ್ಬ ಹೊಸ ರಿಸೆಪ್ಷನಿಸ್ಟಿನ ಹನ್ನೊಂದು ತಿಂಗಳು

ಹೋಟೆಲ್ ಕೆಲಸಕ್ಕೆ ಸೇರಬೇಕೆಂದು ಬರುವ ಹುಡುಗ ಹುಡುಗಿಯರಿಗೆ ಈಗ ನಾನು ತರಬೇತಿ ಕೊಡುತ್ತೇನೆ. ಮೊದಲ ದಿನವೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಮೇಡಂ, ಇಂಗ್ಲಿಷ್ ಸರಿಯಾಗಿ ಬರಲ್ಲ, ರಿಸೆಪ್ಷನ್‌ನಲ್ಲಿ ತಗೊಳ್ತಾರಾ?’ ಆಗೆಲ್ಲ ನಾನು ಈ ಪ್ರಕರಣವನ್ನು ಹೇಳುತ್ತೇನೆ. ಇದರಲ್ಲಿ ಹುಡುಗಿಯ ತಪ್ಪು ಇದೆ, ನನ್ನ ತಪ್ಪು ಅದಕ್ಕಿಂತ ಹೆಚ್ಚು ಇದೆ. ರೆಸಾರ್ಟಿನ ಹೆಸರು ಹೇಳುವುದಿಲ್ಲ, ರೂಮಿನ ನಂಬರುಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಇಲ್ಲಿ ಕಾವೇರಿ ಎಂದು ಕರೆಯುತ್ತೇನೆ. ಕೊಡಗಿನಲ್ಲಿ ಆ ಹೆಸರಿನವರು ಓಣಿಗೊಬ್ಬರು ಸಿಗುವುದರಿಂದ ಯಾರೂ ಹುಡುಕಿಕೊಂಡು ಹೋಗಲಾರರು.

ಹಿನ್ನೆಲೆ

ಮಡಿಕೇರಿ ಪೇಟೆಯಿಂದ ಏಳು ಕಿಲೋಮೀಟರ್ ದೂರ, ಕಾಫಿ ತೋಟದ ನಡುವೆ 26 ರೂಮಿನ ರೆಸಾರ್ಟ್. 18 ರೂಮು ದೊಡ್ಡ ಕಟ್ಟಡದಲ್ಲಿ, 8 ಕಾಟೇಜು ಇಳಿಜಾರಿನಲ್ಲಿ. ನಾನು ಅಲ್ಲಿ ಫ್ರಂಟ್ ಆಫೀಸ್ ಮ್ಯಾನೇಜರ್. ಡೆಸ್ಕಿನಲ್ಲಿ ಮೂರು ಶಿಫ್ಟು: ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6. 2022ರ ಮಳೆಗಾಲದಲ್ಲಿ ಡೆಸ್ಕಿನ ಹಳೆಯ ಹುಡುಗನೊಬ್ಬ ಬೆಂಗಳೂರಿಗೆ ಹೊರಟುಹೋದ. ದಸರಾ ಸೀಸನ್ ಹತ್ತಿರ ಬರುತ್ತಿತ್ತು, ಕೈಗೆ ಜನ ಬೇಕಿತ್ತು.

ಕಾವೇರಿ ಬಂದದ್ದು ಭಾಗಮಂಡಲದ ಕಡೆಯಿಂದ. 22 ವರ್ಷ, ಬಿ.ಕಾಂ., ಮನೆಮಾತು ಅರೆಭಾಷೆ, ಕನ್ನಡ ಚೆನ್ನಾಗಿತ್ತು, ಮಲಯಾಳ ಅರ್ಥವಾಗುತ್ತಿತ್ತು, ಇಂಗ್ಲಿಷ್ ಓದುತ್ತಿದ್ದಳು ಆದರೆ ಮಾತಾಡುತ್ತಿರಲಿಲ್ಲ. ಅಪ್ಪನಿಗೆ ಸ್ವಲ್ಪ ಕಾಫಿ, ಕಾಳುಮೆಣಸು. ಹೋಟೆಲಿನಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ.

ಸಂದರ್ಶನದಲ್ಲಿ ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದಿದೆ. ‘ಚೆಕ್-ಔಟ್ 11 ಗಂಟೆಗೆ, ಚೆಕ್-ಇನ್ 2 ಗಂಟೆಗೆ. ನಡುವೆ ಮೂರು ಗಂಟೆ ಯಾಕೆ ಬಿಟ್ಟಿದ್ದೇವೆ?’ ಅವಳು ಸ್ವಲ್ಪ ಯೋಚಿಸಿ ಹೇಳಿದಳು: ‘ಸ್ಟಾಫ್ ಊಟಕ್ಕೆ ಇರಬಹುದು ಮೇಡಂ.’

ನಕ್ಕುಬಿಟ್ಟೆ. ಸರಿಯಾದ ಉತ್ತರ ಹೇಳಿಕೊಡಬೇಕು ಎಂದು ಅನ್ನಿಸಲಿಲ್ಲ. ಮಾತಿನಲ್ಲಿ ವಿನಯ ಇತ್ತು, ಮುಖದಲ್ಲಿ ಗಾಬರಿ ಇದ್ದರೂ ಕಣ್ಣು ತಪ್ಪಿಸುತ್ತಿರಲಿಲ್ಲ. ಊಟ, ಸ್ಟಾಫ್ ಕ್ವಾರ್ಟರ್ಸ್ ಕೊಟ್ಟು, ಅದರ ಮೇಲೆ ತಿಂಗಳಿಗೆ 12,500 ರೂಪಾಯಿಗೆ ಸೇರಿಸಿಕೊಂಡೆ. ಅವಳಪ್ಪ ಹಾಕಿದ ಷರತ್ತು ಒಂದೇ, ರಾತ್ರಿ ಶಿಫ್ಟ್ ಬೇಡ. ಒಪ್ಪಿದೆ. ಮಧ್ಯಾಹ್ನದ ಶಿಫ್ಟ್ ಮುಗಿಯುವ ರಾತ್ರಿ 10ಕ್ಕೆ ನಮ್ಮ ದಾರಿಯಲ್ಲಿ ಬಸ್ಸೇ ಇರುತ್ತಿರಲಿಲ್ಲ, ಕ್ವಾರ್ಟರ್ಸ್ ಇಲ್ಲದಿದ್ದರೆ ಆ ಶಿಫ್ಟೂ ಅವಳಿಗೆ ಆಗುತ್ತಿರಲಿಲ್ಲ. ಕೊಡಗಿನಲ್ಲಿ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವುದೋ ಬಿಡುವುದೋ ಎಷ್ಟೋ ಸಲ ತೀರ್ಮಾನವಾಗುವುದು ಇಂಗ್ಲಿಷಿನಿಂದಲ್ಲ, ಕೊನೆಯ ಬಸ್ಸಿನಿಂದ.

ಮೊದಲು ಮಾಡಿದ ಮದ್ದು

ಅವಳ ಕೊರತೆ ಇಂಗ್ಲಿಷ್ ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಹಾಗಾಗಿ ಮೊದಲ ವಾರವೇ ಒಂದು ಹಾಳೆ ಟೈಪ್ ಮಾಡಿ ಕೊಟ್ಟೆ. ಫೋನ್ ಎತ್ತಿದಾಗ ಹೇಳಬೇಕಾದ ಸ್ವಾಗತ, ಹೋಲ್ಡ್ ಮಾಡುವಾಗ ಹೇಳಬೇಕಾದದ್ದು, ಇಡುವಾಗ ಹೇಳಬೇಕಾದದ್ದು, ಒಟ್ಟು ಹನ್ನೆರಡು ಸಾಲು. ಎರಡೇ ದಿನದಲ್ಲಿ ಬಾಯಿಪಾಠ ಮಾಡಿದಳು. ಫೋನ್ ರಿಂಗಾದ ಕೂಡಲೇ ಉಸಿರು ಬಿಡದೆ ಒಪ್ಪಿಸುತ್ತಿದ್ದಳು. ಆ ಕಡೆಯವರು ‘ಹಲೋ? ಹಲೋ?’ ಎನ್ನುತ್ತಿದ್ದರು.

ಒಂದು ದಿನ ಪಕ್ಕದ ತೋಟದ ಹಿರಿಯರೊಬ್ಬರು ಊಟಕ್ಕೆ ಟೇಬಲ್ ಹೇಳಲು ಫೋನ್ ಮಾಡಿದರು. ಇವಳ ಇಂಗ್ಲಿಷನ್ನು ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಕೇಳಿದರಂತೆ, ‘ಅದೆಲ್ಲ ಆಯ್ತಮ್ಮ, ನೀನು ಯಾರ ಮನೆಯವಳು?’

ಬೆಂಗಳೂರಿನವರು ಹೆಚ್ಚಾಗಿ ಕನ್ನಡದಲ್ಲೇ ಶುರು ಮಾಡುತ್ತಿದ್ದರು, ಇವಳು ಹಾಳೆ ನೋಡಿಕೊಂಡು ಇಂಗ್ಲಿಷಿಗೆ ಹೋಗುತ್ತಿದ್ದಳು. ಎರಡು ವಾರ ಕಳೆದ ಮೇಲೆ ನಾನೇ ಆ ಹಾಳೆಯನ್ನು ತೆಗೆದಿಟ್ಟೆ. ಅಷ್ಟು ಹೊತ್ತಿಗೆ ರಿಜಿಸ್ಟರ್, ಗುರುತಿನ ಚೀಟಿ, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲ ಕಲಿತಿದ್ದಳು. ಆಧಾರ್ ಕೊಡುವವರಿಗೆ ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಸಾಕು ಎಂದು ತಾನೇ ಹೇಳುತ್ತಿದ್ದಳು. ಬೈಲಕುಪ್ಪೆಯ ಟಿಬೆಟನ್ ವಸತಿಯಲ್ಲಿ ರಾತ್ರಿ ಉಳಿಯಲು ವಿದೇಶಿಯರಿಗೆ ವಿಶೇಷ ಅನುಮತಿ ಬೇಕು. ಅದಿಲ್ಲದವರು ದೇವಸ್ಥಾನ ನೋಡಿಕೊಂಡು ಕುಶಾಲನಗರಕ್ಕೋ ಮಡಿಕೇರಿಗೋ ಬಂದು ಉಳಿಯುತ್ತಾರೆ. ಅಂಥವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ, ಆಗ ಸಿ-ಫಾರ್ಮ್ ಎನ್ನುತ್ತಿದ್ದ ವಿದೇಶಿ ಅತಿಥಿಗಳ ಮಾಹಿತಿ ಪತ್ರ ಹಾಕಬೇಕು ಎಂಬುದನ್ನು ಒಮ್ಮೆ ಹೇಳಿದ್ದಷ್ಟೇ, ಮತ್ತೆ ನೆನಪಿಸಬೇಕಾಗಲಿಲ್ಲ. ಕಾಗದದ ಕೆಲಸದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ.

ಇದರಿಂದಾಗಿಯೇ ನಿಜವಾದ ತೊಂದರೆ ನನ್ನ ಕಣ್ಣಿಗೆ ಬೀಳಲಿಲ್ಲ.

ತೊಂದರೆ ಇದ್ದ ಜಾಗ

ಕಾವೇರಿಗೆ ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ‘ಗೊತ್ತಿಲ್ಲ’ ಎನ್ನಲು ಅದಕ್ಕಿಂತ ಕಷ್ಟ. ಮನೆಗೆ ಬಂದವರಿಗೆ ಇಲ್ಲ ಎನ್ನಬಾರದು ಎಂದು ಬೆಳೆದ ಹುಡುಗಿ. ಯಾರು ಏನು ಕೇಳಿದರೂ ಒಂದೇ ಉತ್ತರ: ‘ನೋಡೋಣ ಸಾರ್.’ ಬೆಟ್ಟದ ಕಡೆಯ ರೂಮೇ ಬೇಕು ಎಂದರೆ ನೋಡೋಣ. ಎಕ್ಸ್‌ಟ್ರಾ ಬೆಡ್ಡಿಗೆ ದುಡ್ಡು ಬಿಡಿ ಎಂದರೆ ನೋಡೋಣ. ಬೆಳಿಗ್ಗೆ ಬೇಗ ಬಂದರೆ ರೂಮ್ ಕೊಡ್ತೀರಾ ಎಂದರೆ, ‘ಬನ್ನಿ ಸಾರ್, ನೋಡೋಣ.’

ನಮ್ಮ ಮಾತಿನಲ್ಲಿ ನೋಡೋಣ ಎಂದರೆ ಬಹುಮಟ್ಟಿಗೆ ಆಗುವುದಿಲ್ಲ ಎಂದೇ ಅರ್ಥ. ಮದುವೆಗೆ ಕರೆದಾಗ ನೋಡೋಣ ಎಂದವನಿಗೆ ಯಾರೂ ಎಲೆ ಹಾಕಿಕೊಂಡು ಕಾಯುವುದಿಲ್ಲ. ಆದರೆ ಅಡ್ವಾನ್ಸ್ ಕಟ್ಟಿದವನ ಕಿವಿಗೆ ಅದೇ ಮಾತು ಬೇರೆಯಾಗಿ ಕೇಳುತ್ತದೆ. ಮೊದಲು ಬಂದ ‘ಬನ್ನಿ’ ಅವನಿಗೆ ಕೇಳಿಸುತ್ತದೆ, ಆಮೇಲೆ ಬಂದ ‘ನೋಡೋಣ’ ಜಾರಿಹೋಗುತ್ತದೆ. ಇದು ನನಗೆ ಹೊಳೆದದ್ದು ಎಲ್ಲ ಆದ ಮೇಲೆ.

ಆಯುಧಪೂಜೆಯ ಬೆಳಿಗ್ಗೆ

ಮಡಿಕೇರಿ ದಸರಾ ಗೊತ್ತಿಲ್ಲದವರಿಗೆ ಒಂದು ಮಾತು. ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗದೊಂದಿಗೆ ಶುರುವಾಗುವ ಹಬ್ಬ, ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆಯೊಂದಿಗೆ ಮುಗಿಯುತ್ತದೆ. ಆ ರಾತ್ರಿ ಊರು ಮಲಗುವುದಿಲ್ಲ. ಅದರ ಹಿಂದಿನ ಎರಡು ಮೂರು ದಿನ ರೂಮು ಸಿಗುವುದು ಕಷ್ಟ.

ಆಯುಧಪೂಜೆಯ ಹಿಂದಿನ ರಾತ್ರಿ ನಮ್ಮ 26 ರೂಮೂ ಭರ್ತಿ. ಮರುದಿನ 19 ಚೆಕ್-ಔಟ್, 17 ಚೆಕ್-ಇನ್. ಹೌಸ್‌ಕೀಪಿಂಗ್‌ನ ಐವರಲ್ಲಿ ಇಬ್ಬರು ಮನೆಯಲ್ಲಿ ಪೂಜೆ ಎಂದು ರಜೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾವೇರಿಯನ್ನು ಬೆಳಿಗ್ಗೆ 6ರ ಶಿಫ್ಟಿಗೆ ಒಬ್ಬಳನ್ನೇ ಹಾಕಿ, ನಾನು 9ಕ್ಕೆ ಬರುತ್ತೇನೆ ಎಂದಿದ್ದೆ.

6.40ಕ್ಕೆ ಒಂದು ಕಾರು ಬಂತು. ಬೆಂಗಳೂರಿನಿಂದ ರಾತ್ರಿ ಒಂದು ಗಂಟೆಗೆ ಹೊರಟ ಕುಟುಂಬ: ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ತಾಯಿ. ಎರಡು ರೂಮಿಗೆ ಅಡ್ವಾನ್ಸ್ ಕಟ್ಟಿದ್ದರು. ಹೊರಗೆ ಮಂಜು, ಅಜ್ಜಿ ಶಾಲು ಹೊದ್ದು ಸೋಫಾದ ಮೂಲೆಯಲ್ಲಿ ಕೂತರು.

‘ನಿನ್ನೆ ಫೋನಲ್ಲಿ ಕಾವೇರಿ ಅನ್ನೋರು ಬನ್ನಿ ಅಂದಿದ್ರು.’

‘ನಾನೇ ಸಾರ್. ನೋಡೋಣ ಅಂತ ಹೇಳಿದ್ದೆ…’

‘ನೋಡೋಣ ಅಂದ್ರೆ ಏನಮ್ಮ? ಬನ್ನಿ ಅಂದ್ರೋ ಇಲ್ವೋ ಅಷ್ಟು ಹೇಳಿ.’

ಅವಳು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, ‘ಇನ್ನೊಂದು ಅರ್ಧ ಗಂಟೆ ಸಾರ್.’

ಮೊದಲ ತಪ್ಪಿಗಿಂತ ಇದು ದೊಡ್ಡದು. ಏಳು ಗಂಟೆಗೆ ಖಾಲಿ ರೂಮೇ ಇಲ್ಲ. ಅರ್ಧ ಗಂಟೆ ಎಂಬುದು ಎಲ್ಲಿಂದ ಬಂತು ಎಂದು ಆಮೇಲೆ ಕೇಳಿದೆ. ‘ಅವರು ತುಂಬಾ ಸುಸ್ತಾಗಿದ್ರು ಮೇಡಂ, ಅಷ್ಟಾದ್ರೂ ಹೇಳ್ಬೇಕು ಅನ್ನಿಸ್ತು’ ಎಂದಳು. ಏಳೂವರೆಗೆ ಮತ್ತೆ ಅರ್ಧ ಗಂಟೆ. ಎಂಟಕ್ಕೆ ಮತ್ತೆ. ಅಜ್ಜಿಗೆ ಶುಗರ್ ಇತ್ತು. ರೂಮಿಗೆ ಹೋಗಿ ಸ್ನಾನ ಮಾಡಿ ಇನ್ಸುಲಿನ್ ತಗೊಂಡು ತಿನ್ನುತ್ತೇನೆ ಎಂದು ತಿಂಡಿಯನ್ನೂ ಮುಟ್ಟದೆ ಕೂತಿದ್ದರು. ಇನ್ನು ಅರ್ಧ ಗಂಟೆಯಲ್ಲಿ ರೂಮು ಸಿಗುತ್ತದಲ್ಲ ಎಂದು.

ನಾನು ಒಂಬತ್ತಕ್ಕೆ ಹತ್ತು ನಿಮಿಷ ತಡವಾಗಿಯೇ ಬಂದೆ. ಲಾಬಿಯಲ್ಲಿ ದನಿ ಏರಿತ್ತು. ಕಾವೇರಿ ಕಂಪ್ಯೂಟರ್ ಪರದೆಯನ್ನೇ ನೋಡುತ್ತ ನಿಂತಿದ್ದಳು. ಪರದೆಯಲ್ಲಿ ಏನೂ ಇರಲಿಲ್ಲ, ಸ್ಕ್ರೀನ್ ಸೇವರ್ ಓಡುತ್ತಿತ್ತು.

ನಾನು ಮಾಡಿದ್ದು ದೊಡ್ಡದೇನಲ್ಲ. ಮೊದಲು ನಿಜ ಹೇಳಿದೆ: ‘ಎರಡು ಗಂಟೆಗೆ ಮೊದಲು ರೂಮ್ ಸಿಗುವುದು ಅನುಮಾನ, ನಮ್ಮಿಂದ ತಪ್ಪಾಗಿದೆ.’ ಕಾನ್ಫರೆನ್ಸ್ ಹಾಲಿನ ಪಕ್ಕ ಬಾತ್‌ರೂಮ್ ಇರುವ ಒಂದು ಸಣ್ಣ ಕೋಣೆ ಇತ್ತು. ಅದನ್ನು ತೆರೆಸಿ ಗೀಸರ್ ಹಾಕಿಸಿದೆ, ಅಜ್ಜಿಗೆ ಅಲ್ಲಿಗೇ ಅಕ್ಕಿ ರೊಟ್ಟಿ, ಚಟ್ನಿ ಕಳಿಸಿದೆ. ಮಕ್ಕಳನ್ನು ತೋಟದ ಹುಡುಗನ ಜೊತೆ ಮೆಣಸಿನ ಬಳ್ಳಿ ನೋಡಲು ಕಳಿಸಿದೆ. ಎರಡು ರೂಮು ಸಿಕ್ಕಿದ್ದು 1.50ಕ್ಕೆ ಮತ್ತು 2.20ಕ್ಕೆ. ಆ ಕೋಣೆ ಬೆಳಿಗ್ಗೆ 6.40ಕ್ಕೂ ಅಲ್ಲೇ ಇತ್ತು. ಅದನ್ನು ಹೀಗೆ ಬಳಸಬಹುದು ಎಂದು ಕಾವೇರಿಗೆ ಯಾರೂ ಹೇಳಿರಲಿಲ್ಲ.

ಮೂರು ದಿನದ ಮೇಲೆ ರಿವ್ಯೂ ಬಂತು, ಒಂದು ಸ್ಟಾರ್. ಅವಳ ಹೆಸರನ್ನೂ ಬರೆದಿದ್ದರು, ಸುಳ್ಳು ಹೇಳುತ್ತಾಳೆ ಎಂದು.

ಇಟ್ಟುಕೊಳ್ಳುವುದೋ ಬಿಡುವುದೋ

ಮಾಲೀಕರು ಒಂದೇ ಮಾತಿನಲ್ಲಿ ಮುಗಿಸಿದರು: ‘ಈ ತಿಂಗಳ ಸಂಬಳ ಕೊಟ್ಟು ಕಳಿಸಿಬಿಡಿ.’ ಅವರ ಜಾಗದಲ್ಲಿ ನಿಂತು ನೋಡಿದರೆ ತಪ್ಪೇನಿಲ್ಲ. ರಿವ್ಯೂ ನೋಡಿಯೇ ಜನ ರೂಮ್ ಬುಕ್ ಮಾಡುವ ಕಾಲ.

ನಾನು ಆ ಸಂಜೆ ಕೂತು ಹ್ಯಾಂಡೋವರ್ ಪುಸ್ತಕ ತಿರುವಿದೆ. ಅದರಲ್ಲಿ ಇದ್ದದ್ದು ಕ್ಯಾಶ್ ಎಷ್ಟು, ಕೀ ಎಷ್ಟು, ಜನರೇಟರ್ ಡೀಸೆಲ್ ಎಷ್ಟು. ಯಾವ ಗಿರಾಕಿಗೆ ಯಾರು ಏನು ಹೇಳಿದ್ದಾರೆ ಎಂಬ ಒಂದೇ ಒಂದು ಸಾಲು ಇಡೀ ಪುಸ್ತಕದಲ್ಲಿ ಇರಲಿಲ್ಲ. ಕಾವೇರಿಯದಷ್ಟೇ ಅಲ್ಲ, ಯಾರದೂ ಇರಲಿಲ್ಲ, ನನ್ನದೂ. ‘ನೋಡೋಣ’ ಎಂಬ ಮಾತನ್ನು ಅವಳು ಹಿಂದಿನ ದಿನ ಸಂಜೆ ಐದಕ್ಕೆ ಹೇಳಿದ್ದಳು. ಅದನ್ನು ಬರೆದಿಟ್ಟಿದ್ದರೆ ಆರು ಗಂಟೆಗೆ ನನ್ನ ಕಣ್ಣಿಗೆ ಬೀಳುತ್ತಿತ್ತು, ಆರೂ ಐದಕ್ಕೆ ಫೋನ್ ಮಾಡಿ ‘ಬೆಳಿಗ್ಗೆ ನಿಧಾನ ಹೊರಡಿ’ ಎನ್ನುತ್ತಿದ್ದೆ. ಅವರು ಮನೆ ಬಿಟ್ಟದ್ದು ರಾತ್ರಿ ಒಂದಕ್ಕೆ. ನಮ್ಮ ಕೈಯಲ್ಲಿ ಏಳೆಂಟು ಗಂಟೆ ಇತ್ತು.

ಮಾಲೀಕರ ಹತ್ತಿರ ಒಂದು ತಿಂಗಳು ಕೇಳಿಕೊಂಡೆ. ಅವರು ಒಪ್ಪಿದರು, ಆದರೆ ಅಲ್ಲಿಯವರೆಗೆ ಅವಳನ್ನು ಡೆಸ್ಕಿನಲ್ಲಿ ನಿಲ್ಲಿಸಬೇಡಿ ಎಂದರು. ನಿಲ್ಲಿಸದಿದ್ದರೆ ಎಲ್ಲಿ ಹಾಕುವುದು? ಹೌಸ್‌ಕೀಪಿಂಗ್‌ಗೆ ಕಳಿಸಿದೆ, ಆರು ದಿನ.

ಇದು ಈ ಪ್ರಕರಣದ ಒಳ್ಳೆಯ ತಿರುವು ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಆಗ ಅದನ್ನು ಮಾಡಿದ ರೀತಿ ಮಾತ್ರ ಕೆಟ್ಟದಾಗಿತ್ತು. ಯಾಕೆ ಕಳಿಸುತ್ತಿದ್ದೇನೆ ಎಂದು ಬಿಡಿಸಿ ಹೇಳಲಿಲ್ಲ. ‘ನಾಳೆಯಿಂದ ಅಕ್ಕನ ಜೊತೆ ಇರು’ ಎಂದೆ, ಅಷ್ಟೇ. ರಾತ್ರಿ ಅವಳಪ್ಪ ಫೋನ್ ಮಾಡಿದರು. ಬೈಯಲಿಲ್ಲ. ‘ಮೇಡಂ, ಡಿಗ್ರಿ ಓದಿಸಿದ್ದು ಕಸ ಗುಡಿಸೋಕಾ? ಬೇಡ ಅಂತಾದ್ರೆ ಹೇಳಿ, ನಾಳೆ ಬಂದು ಕರ್ಕೊಂಡು ಹೋಗ್ತೇನೆ’ ಎಂದರು. ಅರ್ಧ ಗಂಟೆ ಮಾತಾಡಿದೆ. ಆ ಮೂರು ಗಂಟೆಯ ಕತೆಯನ್ನು ಮಗಳಿಗೆ ಹೇಳುವ ಮೊದಲು ಅಪ್ಪನಿಗೆ ಹೇಳಿದೆ. ‘ಆರು ದಿನ ಅಲ್ವಾ, ನೋಡೋಣ’ ಎಂದು ಫೋನ್ ಇಟ್ಟರು. ಆ ನೋಡೋಣದ ಅರ್ಥ ಏನು ಎಂದು ನನಗೆ ರಾತ್ರಿಯಿಡೀ ಗೊತ್ತಾಗಲಿಲ್ಲ!

ಆರು ದಿನ

ನಮ್ಮ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಮಾತು ಕಡಿಮೆ, ಕೈ ಚುರುಕು. ಕಾವೇರಿಯ ಕೈಗೆ ಮೊದಲ ದಿನವೇ ಒಂದು ರೂಮು ಕೊಟ್ಟು ಗಡಿಯಾರ ನೋಡಿಕೊಂಡು ಕೂತರಂತೆ. ಹಾಸಿಗೆ ಬಿಚ್ಚಿ ಹಾಕುವುದು, ಬಾತ್‌ರೂಮ್ ಉಜ್ಜುವುದು, ನೆಲ ಒರೆಸುವುದು, ಸೋಪು, ಟವೆಲ್, ನೀರಿನ ಬಾಟಲ್, ಕಾಫಿ ಕೆಟಲ್. ಕಾವೇರಿಗೆ ಒಂದೂಕಾಲು ಗಂಟೆ ಹಿಡಿಯಿತು. ಅಕ್ಕನ ಹುಡುಗಿಯರಿಗೆ 40 ನಿಮಿಷ.

ಮೂರನೆಯ ಸಂಜೆ ಒಂದು ಸಣ್ಣ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಳು. ಅದರಲ್ಲಿ ಲೆಕ್ಕ ಬರೆದಿದ್ದಳು. 19 ರೂಮು, ಒಂದಕ್ಕೆ 40 ನಿಮಿಷ, ಒಟ್ಟು 760 ನಿಮಿಷ. ಐದು ಜನ ಇದ್ದರೆ ಒಬ್ಬೊಬ್ಬರಿಗೆ 152 ನಿಮಿಷ, ಅಂದರೆ ಎರಡೂವರೆ ಗಂಟೆ. ಮೂರೇ ಜನ ಇದ್ದರೆ ನಾಲ್ಕು ಗಂಟೆ ಕಾಲು.

‘ಮೇಡಂ, ಆವತ್ತು ಮೂರೇ ಜನ ಇದ್ರು. ಹನ್ನೊಂದಕ್ಕೆ ಶುರು ಮಾಡಿದ್ರೂ ಎಲ್ಲ ಮುಗಿಯುವಾಗ ಮೂರೂಕಾಲು. ನಾನು ಏಳು ಗಂಟೆಗೇ ಅರ್ಧ ಗಂಟೆ ಅಂದೆ.’

ಸಂದರ್ಶನದ ದಿನ ನಾನು ನಕ್ಕು ಬಿಟ್ಟ ಪ್ರಶ್ನೆಗೆ ಉತ್ತರ ಇದು. ಬಿ.ಕಾಂ. ಓದಿದ ಹುಡುಗಿಗೆ ಎರಡು ನಿಮಿಷದ ಗುಣಾಕಾರ. ನಾನು ಆ ದಿನವೇ ಹೇಳಿದ್ದರೆ ಆಗುತ್ತಿತ್ತು. ಹೇಳಿದ್ದರೆ ಹೀಗೆ ನಾಟುತ್ತಿತ್ತೇ ಎಂಬುದು ಬೇರೆ ಮಾತು.

ನೋಟ್‌ಬುಕ್ಕಿನ ಉಳಿದ ಪುಟಗಳಲ್ಲಿ ರೂಮುಗಳ ಜಾತಕ ಇತ್ತು. ‘ಕಾಟೇಜ್ 3: ಕೆಳಗಿಳಿಯಲು 32 ಮೆಟ್ಟಿಲು, ಮಂಡಿನೋವಿನವರಿಗೆ ಕೊಡಬಾರದು.’ ‘ರೂಮ್ 9: ಬೆಟ್ಟ ಕಾಣುತ್ತದೆ, ಮಂಜು ಇದ್ದರೆ ಇಲ್ಲ. ಮೊದಲೇ ಹೇಳಬೇಕು.’ ‘ರೂಮ್ 11: ಫೋನ್ ನೆಟ್‌ವರ್ಕ್ ಬಾಲ್ಕನಿಯಲ್ಲಿ ಮಾತ್ರ.’ ‘ರೂಮ್ 14: ಬಾತ್‌ರೂಮ್ ಬಾಗಿಲು ಮಳೆಗೆ ಉಬ್ಬುತ್ತದೆ. ಹಿಡಿ ಹಿಡಿದು ಸ್ವಲ್ಪ ಮೇಲೆತ್ತಿ ಎಳೆಯಬೇಕು.’ ನಾನು ಅಲ್ಲಿ ಐದು ವರ್ಷ ಇದ್ದೆ. ರೂಮ್ 14ರ ಬಾಗಿಲನ್ನು ಎತ್ತಿ ಎಳೆಯಬೇಕೆಂದು ನನಗೆ ಗೊತ್ತಿರಲಿಲ್ಲ.

ಪುಸ್ತಕ

ಏಳನೆಯ ದಿನ ಅವಳನ್ನು ಮತ್ತೆ ಡೆಸ್ಕಿಗೆ ಕರೆದೆ. ಈ ಸಲ ಹಾಳೆ ಕೊಡಲಿಲ್ಲ, ಒಂದು ಉದ್ದ ರಿಜಿಸ್ಟರ್ ತಂದು ಗೆರೆ ಎಳೆದು ಮೂರು ಮನೆ ಮಾಡಿದೆ: ‘ಕೇಳಿದ್ದು’, ‘ಹೇಳಿದ್ದು’, ‘ಆದದ್ದು’. ಫೋನಿನಲ್ಲಾಗಲಿ ಎದುರಿಗಾಗಲಿ ಯಾರು ಏನೇ ಕೇಳಿದರೂ ಮೊದಲ ಎರಡು ಮನೆ ತುಂಬಬೇಕು. ಮೂರನೆಯದು ಖಾಲಿ ಇದ್ದರೆ ಆ ಕೆಲಸ ಇನ್ನೂ ಬಾಕಿ ಎಂದರ್ಥ.

ಎರಡನೆಯ ಮನೆಯಲ್ಲಿ ‘ನೋಡೋಣ’ ಎಂದು ಬರೆಯುವಂತಿಲ್ಲ, ಇದೊಂದೇ ನಿಯಮ. ಬರೆಯಲು ಹೋದಾಗಲೇ ಅವಳಿಗೆ ಗೊತ್ತಾಗುತ್ತಿತ್ತು, ತಾನು ಏನನ್ನೂ ಹೇಳಿಲ್ಲ ಎಂದು. ಆಗ ಮತ್ತೆ ಫೋನ್ ಮಾಡುತ್ತಿದ್ದಳು. ಹದಿನೈದು ದಿನದಲ್ಲಿ ಅವಳೇ ಒಂದು ಮಾತು ಕಟ್ಟಿಕೊಂಡಳು: ‘ಸಾರ್, ರೂಮ್ 2 ಗಂಟೆಗೆ ಖಂಡಿತ. ಅದಕ್ಕಿಂತ ಬೇಗ ಸಿಗುತ್ತಾ ಅಂತ ನಾಳೆ 11 ಗಂಟೆಗೇ ಗೊತ್ತಾಗೋದು, ನಾನೇ ಫೋನ್ ಮಾಡ್ತೇನೆ. ಬೇಗ ಬಂದ್ರೆ ಲಗೇಜ್ ಇಡಬಹುದು, ಫ್ರೆಶ್ ಆಗೋಕೆ ಕೋಣೆ ಉಂಟು, ತಿಂಡಿ ಉಂಟು.’ ಇದರಲ್ಲಿ ಇಲ್ಲ ಎಂಬ ಪದವೇ ಇಲ್ಲ, ಆದರೆ ಯಾರಿಗೂ ಮೋಸವಿಲ್ಲ. ನನ್ನ ಹನ್ನೆರಡು ಸಾಲಿಗಿಂತ ಚೆನ್ನಾಗಿತ್ತು.

ದರ ಹೇಳುವುದರಲ್ಲೂ ಪುಸ್ತಕ ಕೆಲಸಕ್ಕೆ ಬಂತು. ಆಗ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 12 ಪರ್ಸೆಂಟ್ ಜಿಎಸ್‌ಟಿ, ಅದರ ಮೇಲಿನದಕ್ಕೆ 18. (2025ರ ಸೆಪ್ಟೆಂಬರ್ 22ರಿಂದ ಕೆಳಗಿನದು 5 ಪರ್ಸೆಂಟಿಗೆ ಇಳಿದಿದೆ.) ತೆರಿಗೆ ಬಿಟ್ಟು ದರ ಹೇಳಿ, ಚೆಕ್-ಔಟ್ ಹೊತ್ತಿಗೆ ಜಗಳ ಆಗುವುದು ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಇತ್ತು. ‘ಹೇಳಿದ್ದು’ ಎಂಬ ಮನೆಯಲ್ಲಿ ತೆರಿಗೆ ಸೇರಿಸಿದ ಒಟ್ಟು ಮೊತ್ತ ಬರೆಯಲು ಶುರು ಮಾಡಿದ ಮೇಲೆ ಅದು ತಣ್ಣಗಾಯಿತು.

ಎಲ್ಲ ಸಲೀಸಾಗಿ ನಡೆಯಿತು ಎಂದಲ್ಲ. ರಾತ್ರಿ ಪಾಳಿಯ ಹುಡುಗ ಪುಸ್ತಕ ತೆರೆಯುತ್ತಲೇ ಇರಲಿಲ್ಲ. ‘ಹೊಸಬಳು ಬರೆದದ್ದನ್ನ ನಾನು ಓದ್ಬೇಕಾ?’ ಎಂಬ ಧಾಟಿ. ಒಂದು ರಾತ್ರಿ ಬೆಳಿಗ್ಗೆ 4ಕ್ಕೆ ತಲಕಾವೇರಿಗೆ ಟ್ಯಾಕ್ಸಿ ಬೇಕೆಂದ ದಂಪತಿಗೆ ಗಾಡಿ ಬರಲಿಲ್ಲ. ಪುಸ್ತಕದಲ್ಲಿ ಬರೆದಿತ್ತು, ಅವನು ನೋಡಿರಲಿಲ್ಲ. ಆ ದಿನದಿಂದ ಮುಂದಿನ ಶಿಫ್ಟಿನವರು ಓದಿ ಸಹಿ ಹಾಕದೆ ಹಿಂದಿನ ಶಿಫ್ಟಿನವರು ಹೊರಡುವಂತಿಲ್ಲ ಎಂದು ಮಾಡಿದೆ. ಗೊಣಗಾಟ ತಿಂಗಳೆರಡು ಇತ್ತು.

ಕಾವೇರಿಯೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿದಳು. ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ ಒಂದು ಮಧ್ಯಾಹ್ನ, ಹನ್ನೆರಡು ಗಂಟೆಗೆ, ಕೈಗೂಸು ಹೊತ್ತ ತಾಯಿಯೊಬ್ಬರು ಬಂದರು. ‘ಚೆಕ್-ಇನ್ ಎರಡಕ್ಕೆ ಮೇಡಂ’ ಎಂದು ಸೋಫಾ ತೋರಿಸಿದಳು. ಅಕ್ಕ ಕಾರಿಡಾರಿನಿಂದಲೇ ಕೂಗಿದರು: ‘ಆರು ನಂಬರ್ ಆಗಿ ಇಪ್ಪತ್ತು ನಿಮಿಷ ಆಯ್ತಲ್ಲ ಮಾರಾಯ್ತಿ, ಕೊಡು!’ ನಿಯಮ ಎಂಬುದು ರೂಮ್ ಇಲ್ಲದಾಗ ಹೇಳುವ ಮಾತು. ರೂಮ್ ಇದ್ದಾಗ ಅದನ್ನು ಹೇಳಿದರೆ ಬರೀ ದರ್ಪ. ಇದನ್ನು ಕಲಿಸಲು ನನ್ನ ಹತ್ತಿರ ಯಾವ ಪುಸ್ತಕವೂ ಇರಲಿಲ್ಲ, ಅಕ್ಕನ ಕೂಗೇ ಸಾಕಾಯಿತು.

ಇಂಗ್ಲಿಷ್ ಬಂದ ದಾರಿ

ನಾನು ಮೊದಲ ದಿನ ಹುಡುಕಿದ ಇಂಗ್ಲಿಷ್ ಅವಳಿಗೆ ಬಂದದ್ದು ದಾರಿ ಹೇಳುತ್ತ. ಮಡಿಕೇರಿಯ ಡೆಸ್ಕಿಗೆ ಬರುವ ಪ್ರಶ್ನೆಗಳಲ್ಲಿ ರೂಮಿನದಕ್ಕಿಂತ ರಸ್ತೆಯದೇ ಹೆಚ್ಚು. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ-ಸಂಪಾಜೆ ಹೆದ್ದಾರಿ ಕಿತ್ತುಹೋದ ಮೇಲಂತೂ, ನಾಲ್ಕು ಹನಿ ಬಿದ್ದರೆ ಸಾಕು, ಮಂಗಳೂರಿನ ಕಡೆಯಿಂದ ‘ಘಾಟಿ ಓಪನ್ ಇದೆಯಾ?’ ಎಂದು ಫೋನು. ‘ಮಡಿಕೇರಿ ರೈಲ್ವೆ ಸ್ಟೇಷನ್‌ನಿಂದ ಪಿಕಪ್ ಇದೆಯಾ?’ ಎಂದು ಕೇಳುವವರು ಈಗಲೂ ಇದ್ದಾರೆ. ಕೊಡಗಿಗೆ ರೈಲೇ ಇಲ್ಲ, ಮೈಸೂರಿನಲ್ಲಿ ಇಳಿದು ಸುಮಾರು 120 ಕಿಲೋಮೀಟರ್ ಬರಬೇಕು ಎಂದರೆ ನಂಬುವುದಿಲ್ಲ. ದುಬಾರೆಯಲ್ಲಿ ಬೋಟ್ ಇದೆಯಾ, ಅಬ್ಬಿಯಲ್ಲಿ ನೀರಿದೆಯಾ, ಕಾಫಿ ಹೂವು ಯಾವಾಗ. ಇದೆಲ್ಲ ಕಾವೇರಿಗೆ ಹುಟ್ಟಿನಿಂದ ಗೊತ್ತಿದ್ದದ್ದು.

ಒಂದು ಸಂಜೆ ಚೆನ್ನೈನವರೊಬ್ಬರು ಹುಣಸೂರಿನಿಂದ ಫೋನ್ ಮಾಡಿ, ನಾಗರಹೊಳೆ ಕಾಡು ನೋಡಿಕೊಂಡು ಕುಟ್ಟದ ಮೇಲೆ ಬರುತ್ತೇವೆ ಎಂದರು. ಗಂಟೆ ಐದು ದಾಟಿತ್ತು. ಕಾವೇರಿ ಹಾಳೆ ಹುಡುಕಲಿಲ್ಲ. ‘ನೋ ಸಾರ್! ಫಾರೆಸ್ಟ್ ಗೇಟ್ ನೈಟ್ ಕ್ಲೋಸ್. ಪ್ಲೀಸ್ ಕಮ್ ಪಿರಿಯಾಪಟ್ಟಣ, ಕುಶಾಲನಗರ, ಸ್ಟ್ರೈಟ್ ಮಡಿಕೇರಿ. ಕುಶಾಲನಗರ ರೀಚ್, ಕಾಲ್ ಮಿ’ ಎಂದಳು. ಪಕ್ಕದಲ್ಲೇ ನಿಂತಿದ್ದ ನನಗೆ ಕೇಳಿಸಿದ್ದು ಆ ‘ನೋ’. ಅವಳು ಗಿರಾಕಿಗೆ ನೇರವಾಗಿ ಇಲ್ಲ ಎಂದದ್ದು ಅದೇ ಮೊದಲು, ಅದೂ ಬಾರದ ಭಾಷೆಯಲ್ಲಿ. ರಾತ್ರಿ ಎಂಟರ ಸುಮಾರಿಗೆ ಅವರು ಬಂದು ಮೊದಲು ಕೇಳಿದ್ದು ಅವಳನ್ನೇ.

ಆಮೇಲೆ

ಆರು ತಿಂಗಳಿಗೆ ಸಂಬಳ 14,500 ಆಯಿತು. ರಾತ್ರಿ ಶಿಫ್ಟ್ ಮಾಡದಿದ್ದರೆ ನೈಟ್ ಆಡಿಟ್, ಅಂದರೆ ಆ ದಿನದ ಲೆಕ್ಕ ಹೊಂದಿಸಿ ಮುಗಿಸುವ ಕೆಲಸ, ಬರುವುದಿಲ್ಲ, ಅದು ಬಾರದೆ ಈ ಕೆಲಸದಲ್ಲಿ ಮೇಲೆ ಹೋಗುವುದು ಕಷ್ಟ. ಅಪ್ಪನಿಗೆ ಕೊಟ್ಟ ಮಾತನ್ನೂ ಮುರಿಯುವಂತಿರಲಿಲ್ಲ. ಬೆಳಿಗ್ಗೆ ಶಿಫ್ಟಿನ ಮೊದಲ ಒಂದು ಗಂಟೆ ಹಿಂದಿನ ರಾತ್ರಿಯ ಲೆಕ್ಕವನ್ನು ಅವಳು ಮತ್ತೊಮ್ಮೆ ಮಾಡಿ ಹೊಂದಿಸಿ ನೋಡುವಂತೆ ಏರ್ಪಾಡು ಮಾಡಿದೆ. ಎರಡು ಸಲ ರಾತ್ರಿ ಹುಡುಗನ ತಪ್ಪು ಹಿಡಿದಳು, ಅವನು ಪುಸ್ತಕ ಓದಲು ಶುರು ಮಾಡಿದ್ದು ಆಮೇಲೆ.

ಹನ್ನೊಂದನೆಯ ತಿಂಗಳಿಗೆ ಮೈಸೂರಿನ ಹೋಟೆಲೊಂದರಿಂದ ಹೆಚ್ಚಿನ ಸಂಬಳದ ಕೆಲಸ ಬಂತು, ಹೊರಟಳು. ಕಲಿಸಿದ್ದೆಲ್ಲ ಬೇರೆಯವರ ಪಾಲಾಯಿತು ಎಂದು ಮಾಲೀಕರು ಹೇಳಿದರು. ನನಗೆ ಹಾಗನ್ನಿಸಲಿಲ್ಲ, ಕಲಿಸಿದ್ದು ಯಾರು ಯಾರಿಗೆ ಎಂಬ ಲೆಕ್ಕ ಅಷ್ಟು ಸ್ಪಷ್ಟವಾಗಿರಲಿಲ್ಲ.

ನನ್ನ ತರಬೇತಿಯ ಕ್ರಮ ಮಾತ್ರ ತಲೆಕೆಳಗಾಯಿತು. ಈಗ ಯಾರೇ ಬಂದರೂ ಮೊದಲ ವಾರ ಡೆಸ್ಕಿನ ಹಿಂದೆ ನಿಲ್ಲಿಸುವುದಿಲ್ಲ. ಐದು ದಿನ ಹೌಸ್‌ಕೀಪಿಂಗ್, ಒಂದು ದಿನ ಅಡುಗೆಮನೆ. ಅದಕ್ಕೂ ಮೊದಲು ಮನೆಯವರಿಗೆ ನಾನೇ ಫೋನ್ ಮಾಡಿ ಯಾಕೆ ಎಂದು ಹೇಳುತ್ತೇನೆ. ಕೆಲಸ ಹುಡುಕುವವರಿಗೂ ಹೇಳುವುದು ಇಷ್ಟೇ: ಸಂದರ್ಶನದಲ್ಲಿ ಸಂಬಳದ ಜೊತೆಗೆ ಶಿಫ್ಟ್ ಮುಗಿಯುವ ಹೊತ್ತು, ಉಳಿಯುವ ಜಾಗ, ರಾತ್ರಿ ಮನೆಗೆ ಬಿಡುವ ಗಾಡಿ ಇವನ್ನು ಕೇಳಿ. ಮೊದಲ ದಿನ ರೂಮುಗಳನ್ನು ಒಳಹೊಕ್ಕು ನೋಡಲು ಬಿಡುತ್ತೀರಾ ಎಂದೂ ಕೇಳಿ. ಬಿಡುವುದಿಲ್ಲ ಎನ್ನುವ ಜಾಗದಲ್ಲಿ, ನಿಮಗೆ ಗೊತ್ತಿಲ್ಲದ ಮನೆಯ ಬಾಗಿಲಲ್ಲಿ ನಿಂತು ನೀವು ಉತ್ತರ ಕೊಡಬೇಕಾಗುತ್ತದೆ. ದಸರಾ ವಾರದಲ್ಲಿ ಎರಡು ತಿಂಗಳ ಹೊಸಬರನ್ನು ಬೆಳಿಗ್ಗೆ ಒಬ್ಬರನ್ನೇ ಬಿಡುವ ಮ್ಯಾನೇಜರುಗಳಿಗೆ ಬೇರೆ ಹೇಳಬೇಕಾಗಿಲ್ಲ, ನಾನೇ ಸಾಕ್ಷಿ.

ಹೊರಡುವ ದಿನ ಕಾವೇರಿ ರೂಮುಗಳ ನೋಟ್‌ಬುಕ್ಕನ್ನು ಡೆಸ್ಕಿನಲ್ಲೇ ಬಿಟ್ಟುಹೋದಳು. ಕೊನೆಯ ಪುಟದಲ್ಲಿ ಬರೆದಿದ್ದಳು: ‘ರೂಮ್ 14ರ ಬಾಗಿಲು ಬಡಗಿ ಬಂದು ಸರಿ ಮಾಡಿದ್ದಾರೆ. ಹಿಂದಿನ ಸಾಲು ಹೊಡೆದು ಹಾಕಿ.’ ನಾನು ಮರೆತೆ. ಮುಂದಿನ ಮಳೆಗಾಲದಲ್ಲಿ ತೆರೆದು ನೋಡಿದಾಗ ಅದರ ಕೆಳಗೆ, ಹೊಸದಾಗಿ ಸೇರಿದ ಹುಡುಗನ ಅಕ್ಷರದಲ್ಲಿ, ಇನ್ನೊಂದು ಸಾಲಿತ್ತು: ‘ಮತ್ತೆ ಉಬ್ಬಿದೆ. ಎತ್ತಿ ಎಳೆಯಬೇಕು.’